ತೊಳೆದ ಬೆಳ್ಳಿ

ನನ್ನ ಗಂಡ ರಾಜೇಂದ್ರ ನಾಣ್ಯದ ಪೆಟ್ಟಿಗೆ ತೆರೆದಾಗ ಮನೆಯಲ್ಲಿ ಯಾರೂ ಮಾತಾಡಬಾರದು. ಮಾತಾಡಿದರೆ ಕಣ್ಣಿಗೆ ಕಾಣದಷ್ಟು ಎಂಜಲು ಹಾರುತ್ತದೆ. ಅದು ಶುದ್ಧ ಬೆಳ್ಳಿಯ ಮೇಲೆ ಬಿದ್ದರೆ ಆರು ತಿಂಗಳ ಮೇಲೆ ಕಂದು ಚುಕ್ಕೆಯಾಗಿ ಏಳುತ್ತದೆ. ಈ ನಿಯಮವನ್ನು ನನಗೆ ಮೊದಲ ಸಲ ಹೇಳುವಾಗ ಅವರು ಬಾಯಿಗೆ ಕರವಸ್ತ್ರ ಹಿಡಿದಿದ್ದರು.

ಅವರು ಜೋಗದ ವಿದ್ಯುದಾಗಾರದಲ್ಲಿ ಆಪರೇಟರ್. ನಾವು ಇರುವುದು ಅಲ್ಲಿಯ ಕ್ವಾರ್ಟರ್ಸ್‌ನಲ್ಲಿ. ನಾನು ಸಾಗರದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ, ದಿನಾ ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗಿ ಸಂಜೆ ಬರುತ್ತೇನೆ. ಜೋಗದಲ್ಲಿ ಗೋಡೆಯೂ ಬೆವರುತ್ತದೆ. ಬೆಂಕಿಪೆಟ್ಟಿಗೆಯನ್ನು ಅಕ್ಕಿ ಡಬ್ಬಿಯಲ್ಲಿ ಇಡುವ ಊರು ಇದು. ಇಂಥ ಊರಿನಲ್ಲಿ ನನ್ನ ಗಂಡ ಬೆಳ್ಳಿ ನಾಣ್ಯ ಕೂಡಿಸುವ ಹವ್ಯಾಸ ಇಟ್ಟುಕೊಂಡರು. ಹಾಗಾಗಿ ಪೆಟ್ಟಿಗೆಯೊಳಗೆ ತೇವ ಹೀರುವ ಹರಳುಗಳ ಪೊಟ್ಟಣಗಳಿರುತ್ತವೆ. ಒಣಗಿದ್ದಾಗ ಹರಳು ನೀಲಿ, ತೇವ ಕುಡಿದಾಗ ಗುಲಾಬಿ. ಗುಲಾಬಿಯಾದ ಕೂಡಲೇ ಅವುಗಳನ್ನು ತವೆಯ ಮೇಲೆ ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿ ಮಾಡಬೇಕು. ಅದು ನನ್ನ ಕೆಲಸ. ವಾರಕ್ಕೆರಡು ಸಲ ಬಣ್ಣ ನೋಡುತ್ತೇನೆ. ಮಳೆಗಾಲದಲ್ಲಿ ದಿನಾ.

ಅವರ ನಾಣ್ಯಗಳು ಅಂಗಡಿಯಲ್ಲಿ ಸಿಗುವ ಲಕ್ಷ್ಮಿ ನಾಣ್ಯಗಳಂಥವಲ್ಲ. ಹೊರದೇಶದ ಟಂಕಸಾಲೆಯವು, ಒಂದೊಂದೂ ಮೂವತ್ತೊಂದು ಗ್ರಾಂ. ಮುಂಬೈಯ ಒಬ್ಬ ಏಜೆಂಟರ ಮೂಲಕ ಪರೀಕ್ಷೆಗೆ ಹೋಗಿ, ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯೊಳಗೆ ಮೊಹರಾಗಿ, ಮೇಲೆ ಅಂಕ ಬರೆಸಿಕೊಂಡು ಬರುತ್ತವೆ. ಎಪ್ಪತ್ತಕ್ಕೆ ಎಪ್ಪತ್ತು ಬಂದರೆ ಮಾತ್ರ ಅವರು ಇಟ್ಟುಕೊಳ್ಳುತ್ತಾರೆ. ಅರವತ್ತೊಂಬತ್ತು ಬಂದದ್ದನ್ನು ವಾಪಸು ಮಾರುತ್ತಾರೆ.

“ನಮ್ಮ ಹುಡುಗ್ರಿಗೆ ಮೂವತ್ತೈದು ಬಂದ್ರೆ ಸಿಹಿ ಹಂಚ್ತೀವಿ,” ಎಂದು ನಾನೊಮ್ಮೆ ತಮಾಷೆ ಮಾಡಿದ್ದೆ.

“ಅದಕ್ಕೇ ನಿಮ್ಮ ಹುಡುಗ್ರು ಹಾಗಿರೋದು,” ಎಂದಿದ್ದರು.

ಚೀನೀ ಪಂಚಾಂಗದ ಹನ್ನೆರಡು ಪ್ರಾಣಿಗಳ ಸರಣಿಯೊಂದು, ವರ್ಷಕ್ಕೊಂದು ಪ್ರಾಣಿ. ಇಲಿಯಿಂದ ಶುರುವಾಗಿ ನಾಯಿಯವರೆಗೆ ಹನ್ನೊಂದು ಅವರ ಹತ್ತಿರ ಇದ್ದವು. ಅದರಲ್ಲಿ ಕುದುರೆಯ ನಾಣ್ಯದ ಅಂಚಿಗೆ ತಾನಾಗಿಯೇ ನೀಲಿ, ನೇರಳೆ ಬಣ್ಣ ಕಟ್ಟಿತ್ತು. ಎಣ್ಣೆಯ ಹನಿ ನೀರಿನ ಮೇಲೆ ಹರಡಿದ ಹಾಗೆ. ಹಾಗೆ ಬಣ್ಣ ಕಟ್ಟುವುದು ಸಾವಿರಕ್ಕೊಂದಂತೆ, ಅದಕ್ಕೆ ಬೆಲೆಯೂ ಹೆಚ್ಚಂತೆ. ಹನ್ನೆರಡನೆಯದು ಹಂದಿ. ಎಪ್ಪತ್ತು ಅಂಕದ ಹಂದಿ ಎಲ್ಲಿಯೂ ಸಿಕ್ಕಿರಲಿಲ್ಲ.

ಸರಣಿಯ ಮೊದಲ ನಾಣ್ಯ ನಮ್ಮ ಮನೆಗೆ ಬಂದ ಬಗೆಯನ್ನು ಹೇಳಬೇಕು. ನನ್ನ ಅತ್ತೆ ದುಗ್ಗಮ್ಮನ ಹತ್ತಿರ ಐದು ಹಳೆಯ ರಾಜನ ತಲೆಯ ಬೆಳ್ಳಿ ರೂಪಾಯಿಗಳಿದ್ದವು. ಅವರ ಅತ್ತೆ ಕೊಟ್ಟಿದ್ದು. ದೀಪಾವಳಿಯಲ್ಲಿ ನಮ್ಮ ಮನೆತನದವರು ಬೆಳಗಿನ ಜಾವ ಹೊಸ ನೀರು ತುಂಬಿ ಬಲೀಂದ್ರನ ಕಲಶ ಇಡುತ್ತಾರೆ. ಆ ಕಲಶಕ್ಕೆ ಬೆಳ್ಳಿ ಹಾಕಬೇಕು. ಹಾಕುವ ಮುಂಚೆ ಹುಣಸೆಹಣ್ಣು, ಒಲೆಬೂದಿ ಹಚ್ಚಿ ತೆಂಗಿನ ನಾರಿನಿಂದ ಉಜ್ಜಿ ಬೆಳ್ಳಗೆ ಮಾಡಬೇಕು. ತಲೆಮಾರುಗಟ್ಟಲೆ ಉಜ್ಜಿ ಉಜ್ಜಿ ರಾಜನ ಮೂಗು ಸವೆದುಹೋಗಿತ್ತು. “ಇವಕ್ಕೆ ಅಂಕವೇ ಇಲ್ಲ, ಬರೀ ತೂಕ,” ಎಂದು ರಾಜೇಂದ್ರ ಐದನ್ನೂ ಕೊಟ್ಟು, ಮೇಲೆ ಒಂದಿಷ್ಟು ಸೇರಿಸಿ, ಇಲಿಯ ನಾಣ್ಯ ತಂದರು. ಆವತ್ತಿನಿಂದ ಹನ್ನೆರಡು ವರ್ಷ ಅತ್ತೆ ಕಲಶಕ್ಕೆ ಐದು ರೂಪಾಯಿಯ ಚಲಾವಣೆ ನಾಣ್ಯ ಹಾಕುತ್ತ ಬಂದರು. ಒಂದು ಮಾತೂ ಆಡಲಿಲ್ಲ.

ನನ್ನ ಹೆಬ್ಬೆರಳಿನದೂ ಒಂದು ಕಥೆಯಿದೆ. ಆರು ವರ್ಷದ ಹಿಂದೆ ಇನ್ನೂ ಪರೀಕ್ಷೆಗೆ ಹೋಗದ ಒಂದು ನಾಣ್ಯ ಮೇಜಿನಿಂದ ಜಾರಿ ಬೀಳುತ್ತಿತ್ತು, ನಾನು ಹಿಡಿದೆ. ಬರಿಗೈಯಲ್ಲಿ ಹಿಡಿದೆ. ಎರಡು ತಿಂಗಳಲ್ಲಿ ನನ್ನ ಹೆಬ್ಬೆಟ್ಟಿನ ಗುರುತು, ಗೆರೆ ಗೆರೆಯಾಗಿ, ಬೆಳ್ಳಿಯ ಮೇಲೆ ಕಂದಾಗಿ ಮೂಡಿತು. ಅವರು ಬೈಯಲಿಲ್ಲ. ಅದನ್ನು ಮಾರಲೂ ಇಲ್ಲ. ಟಿವಿಯ ಪಕ್ಕ ಒಂದು ಪುಟ್ಟ ಕಟ್ಟಿಗೆಯ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ಬಂದವರಿಗೆಲ್ಲ ತೋರಿಸುತ್ತಿದ್ದರು. “ಇದು ನಮ್ಮನೆಯವಳ ರುಜು. ಎಂ.ಎ. ಮಾಡಿದಾಳೆ, ಆದ್ರೂ ಹೆಬ್ಬೆಟ್ಟೇ.” ಬಂದವರು ನಗುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದೆ. ನಾನೂ ನಗುತ್ತಿದ್ದೆ.

ಅತ್ತೆ ನಗುತ್ತಿರಲಿಲ್ಲ. ಒಳಗೆ ಬಂದ ಮೇಲೆ, “ಅವ್ನ ಅಪ್ಪನೂ ಹಿಂಗೇ, ಸುಬ್ಬಪ್ಪ. ನೇಗಿಲು ಮುಟ್ಟಿದ್ರೆ ಬೈತಿದ್ದ. ನೇಗಿಲಾದ್ರೂ ಅನ್ನ ಕೊಡ್ತಿತ್ತು ಮಾರಾಯ್ತಿ,” ಎಂದು ನನ್ನ ಬೆನ್ನು ಸವರುತ್ತಿದ್ದರು. ಆ ಮನೆಯಲ್ಲಿ ನನ್ನ ಬೆನ್ನು ಮುಟ್ಟಿದ ಕೈ ಅದೊಂದೇ.

ಎರಡು ವರ್ಷದಿಂದ ಅತ್ತೆಗೆ ಮರೆವು ಶುರುವಾಗಿತ್ತು. ಒಮ್ಮೆ ಹಾಲಿಟ್ಟು ಮರೆತು ಪಾತ್ರೆಯ ತಳ ಕರಗಿತು. ಇನ್ನೊಮ್ಮೆ ತವರಿಗೆ ಹೋಗುತ್ತೇನೆಂದು ಹೊರಟು, ಜಲಪಾತ ನೋಡಲು ಬಂದ ಪ್ರವಾಸಿಗಳ ನಡುವೆ ಮೆಟ್ಟಿಲ ಹತ್ತಿರ ಕೂತಿದ್ದರು. ಕಡಲೆಕಾಯಿ ಮಾರುವವರು ಗುರುತು ಹಿಡಿದು ಕರೆತಂದರು. ಆವತ್ತು ರಾಜೇಂದ್ರ ನನ್ನ ಎದುರಿಗೇ ಹೇಳಿದರು:

“ಇನ್ನೊಂದ್ ಸಲ ಇಂಥದ್ದೇನಾದ್ರೂ ಆಗ್ಲಿ, ತೀರ್ಥಹಳ್ಳೀಲಿ ಜಲಜಮ್ಮನ ಹತ್ರ ಬಿಡೋದೇ. ಅವ್ರು ಹಿಂಗಿರೋರ್ನ ನೋಡ್ಕಳಕ್ಕೇ ಮನೆ ಮಾಡಿದಾರೆ.”

“ನಾನ್ ನೋಡ್ಕಳ್ತೀನಿ,” ಎಂದೆ.

“ನೀನು ಸಾಗರದಲ್ಲಿರ್ತೀಯ. ಇನ್ನೊಂದೇ ಸಲ, ಅಷ್ಟೇ.”

ಅತ್ತೆ ಕೇಳಿಸಿಕೊಂಡರು. ರಾತ್ರಿ ನನ್ನ ಮಗಳು ಗಾನವಿಯ ಪಕ್ಕ ಮಲಗುವಾಗ ನನ್ನನ್ನು ಕರೆದು, “ನನ್ನ ಅಲ್ಲಿಗೆ ಕಳಿಸ್ಬ್ಯಾಡ ಕಣೆ. ಗೋಡೆ ನೋಡ್ತಾ ಕೂರಕ್ಕೆ ನಂಗಾಗಲ್ಲ,” ಎಂದರು. ನಾನು ಇಲ್ಲ ಎಂದೆ. ಆಮೇಲೆ ಮನೆ ಬಿಡುವಾಗ ಗ್ಯಾಸಿನ ಸಿಲಿಂಡರ್ ಬಂದ್ ಮಾಡಿ, ಗೇಟಿಗೆ ಹಗ್ಗ ಕಟ್ಟಿ, ಪಕ್ಕದ ಕೆರಿಯಮ್ಮನಿಗೆ ಹೇಳಿ ಹೋಗುತ್ತಿದ್ದೆ. ತರಗತಿಯಲ್ಲಿ ಪಾಠದ ನಡುವೆಯೂ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದೆ. ಗ್ಯಾಸು, ಹಗ್ಗ, ಕೆರಿಯಮ್ಮ. ನಾಣ್ಯದ ಪೆಟ್ಟಿಗೆ ಆ ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೆ ಬೀಗವಿರಲಿಲ್ಲ, ಬರೀ ಕೊಂಡಿ.

ಹೋದ ದೀಪಾವಳಿಯ ನೀರು ತುಂಬುವ ಹಬ್ಬದ ಹಿಂದಿನ ದಿನ. ತರಗತಿಗೆ ಮೂರೇ ಹುಡುಗಿಯರು ಬಂದಿದ್ದರು, ಅವರನ್ನೂ ಕಳಿಸಿ ನಾನು ಹನ್ನೊಂದಕ್ಕೇ ಬಸ್ಸು ಹತ್ತಿದೆ. ಗಾನವಿ ಶಾಲೆಯಲ್ಲಿದ್ದಳು, ಕೆರಿಯಮ್ಮ ಹೂವಿಗೆಂದು ಪೇಟೆಗೆ ಹೋಗಿದ್ದರು. ರಾಜೇಂದ್ರ ಪಾಳಿ ಮುಗಿಸಿ ನಾಲ್ಕು ಗಂಟೆಗೆ ಬರುವವರಿದ್ದರು. ಜೊತೆಗೆ ತೀರ್ಥಹಳ್ಳಿಯ ಗಜಾನನ ಎಂಬ ಭಟ್ಟರೊಬ್ಬರು ಬರುವವರಿದ್ದರು. ಅವರೂ ನಾಣ್ಯ ಕೂಡಿಸುವವರು, ಅವರ ಹತ್ತಿರ ಎಪ್ಪತ್ತು ಅಂಕದ ಹಂದಿ ಇತ್ತು. ನಮ್ಮ ಹನ್ನೊಂದನ್ನು ಕಣ್ಣಾರೆ ನೋಡಿದ ಮೇಲೆ ಅದನ್ನು ಕೊಡುತ್ತೇನೆ ಎಂದಿದ್ದರು.

ಗೇಟಿನ ಹಗ್ಗ ಬಿಚ್ಚುವಾಗಲೇ ಸದ್ದು ಕೇಳಿತು. ಗೇರುಬೀಜ ಒಡೆಯುವ ಹಾಗೆ, ಚಟ್, ಚಟ್.

ಅತ್ತೆ ಅಡುಗೆಮನೆಯ ಹಿಂದಿನ ಬಚ್ಚಲಕಟ್ಟೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಪೆಟ್ಟಿಗೆ. ಕೈಯಲ್ಲಿ ಗುಂಡುಕಲ್ಲು. ಪ್ಲಾಸ್ಟಿಕ್ಕಿನ ಚೂರುಗಳ ನಡುವೆ ನಾಲ್ಕು ನಾಣ್ಯಗಳು ಹುಣಸೆರಸದಲ್ಲಿ ಮುಳುಗಿದ್ದವು. ಇಲಿ, ಎತ್ತು, ಹುಲಿ, ಮೊಲ.

“ಬಂದ್ಯಾ? ಒಳ್ಳೇದಾತು,” ಎಂದರು. “ಬಲೀಂದ್ರಂಗೆ ಬೆಳ್ಳಿ ಬ್ಯಾಡ್ವಾ? ಹನ್ನೆಲ್ಡು ವರ್ಷ ಆತು ಕಬ್ಬಿಣ ಹಾಕಿ. ಅವ್ನೇನು ದಡ್ಡನಾ, ಗೊತ್ತಾಗಲ್ವಾ ಅವ್ನಿಗೆ? ನನ್ನ ಐದು ರೂಪಾಯಿ ಕೊಟ್ಟೇ ಅಲ್ವಾ ಇದ್ನೆಲ್ಲ ತಂದಿದ್ದು.”

“ಅತ್ತೆ...” ಎಂದೆ.

“ನೋಡಿಲ್ಲಿ, ಈ ಕುದ್ರೆಗೆ ಹೆಂಗೆ ಕಿಲುಬು ಹತ್ತಿದೆ! ಡಬ್ಬೀಲಿ ಹಾಕಿ ಉಸ್ರು ಕಟ್ಸಿಟ್ಟಿದಾನೆ. ಬೆಳ್ಳಿ ಅಂದ್ರೆ ಗಾಳಿ ಆಡ್ಬೇಕು, ಕೈ ಆಡ್ಬೇಕು.”

ಆಗ ಏಳು ಉಳಿದಿದ್ದವು. ಇದನ್ನು ಸರಿಯಾಗಿ ಹೇಳಬೇಕು. ಏಳು ಉಳಿದಿದ್ದವು, ಕುದುರೆಯೂ ಸೇರಿ, ಮೊಹರು ಒಡೆಯದೆ. ನಾನು ಬಗ್ಗಿ ಪೆಟ್ಟಿಗೆ ಎತ್ತಿಕೊಂಡಿದ್ದರೆ ಸಾಕಿತ್ತು. ಅತ್ತೆ ಜಗಳವಾಡುತ್ತಿರಲಿಲ್ಲ. ಒಡೆದುಹೋದ ನಾಲ್ಕಕ್ಕೆ ಏನಾದರೂ ಸಬೂಬು ಹೇಳಬಹುದಿತ್ತು, ನನ್ನ ಕೈಯಿಂದ ಬಿತ್ತು ಎನ್ನಬಹುದಿತ್ತು. ಜಲಜಮ್ಮನ ಮನೆ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಆದರೆ ಬಾಗಿಲ ಸಂದಿಯಿಂದ ಟಿವಿಯ ಪಕ್ಕದ ಕಟ್ಟಿಗೆಯ ಸ್ಟ್ಯಾಂಡು ಕಾಣುತ್ತಿತ್ತು.

ಚಟ್. ಡ್ರ್ಯಾಗನ್ ಹೋಯಿತು. ಚಟ್. ಹಾವು.

“ಒಂದು ತಂಬಿಗೆ ನೀರು ಹಾಕೆ,” ಎಂದರು ಅತ್ತೆ.

ನಾನು ನೀರು ಹಾಕಿದೆ.

ಕುದುರೆಯನ್ನು ಅವರು ಬಹಳ ಹೊತ್ತು ಉಜ್ಜಿದರು. ನಾರಿಗೆ ಬೂದಿ ಅದ್ದಿ, ಅಂಚಿನ ಸುತ್ತ, ಮಗುವಿನ ಕಿವಿಯ ಹಿಂದೆ ತಿಕ್ಕುವ ಹಾಗೆ. ನೀಲಿ ಹೋಯಿತು, ನೇರಳೆ ಹೋಯಿತು. ನಾನು ಇನ್ನೊಂದು ತಂಬಿಗೆ ನೀರು ಹಾಕಿದೆ. ನನಗಾಗುತ್ತಿದ್ದುದು ಭಯ ಮಾತ್ರ ಆಗಿರಲಿಲ್ಲ. ಕೆಲಸ ಮುಗಿದ ಮೇಲೆ ನಾನು ಚೀಲ ಎತ್ತಿಕೊಂಡು ಹಿಂಬಾಗಿಲಿನಿಂದ ಹೊರಬಿದ್ದು, ಗೇಟಿಗೆ ಮತ್ತೆ ಹಗ್ಗ ಕಟ್ಟಿ, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ನಾಲ್ಕೂವರೆಯವರೆಗೆ ಕೂತೆ.

ನಾನು ಮನೆಗೆ ಬಂದಾಗ ಜಗಲಿಯಲ್ಲಿ ಗಜಾನನ ಭಟ್ಟರು ಫೋನಿನಲ್ಲಿ ಹೆಂಡತಿಯ ಹತ್ತಿರ ಹವ್ಯಕ ಮಾತಿನಲ್ಲಿ ಮಾತಾಡುತ್ತಿದ್ದರು. “ಬತ್ತೆ ವರದಾ, ಈಗಷ್ಟೇ ಬಂದು ಮುಟ್ಟಿದ್ದು. ಹಂದಿನ ಇಲ್ಲೇ ಬಿಟ್ಟಿಕ್ಕೇ ಬತ್ತೆ, ಹೆದರಡ.” ನನ್ನನ್ನು ನೋಡಿ ನಕ್ಕರು. “ನಮ್ಮನೆಯವ್ಳಿಗೆ ಮನೇಲಿ ಹಂದಿ ಇಡೋದು ಆಗೋದಿಲ್ಲ ನೋಡಿ ಅಮ್ಮ. ವರಾಹ ಅವತಾರ ಅಂತ ಹೇಳಿ ನಾಲ್ಕು ವರ್ಷ ಸುಧಾರಿಸಿದೆ.”

ರಾಜೇಂದ್ರರೂ ನಕ್ಕರು. ಅಷ್ಟು ಬಾಯಿ ಬಿಟ್ಟು ಅವರು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. ಬಿಳಿ ಕೈಗವಸು ಆಗಲೇ ಜೇಬಿನಲ್ಲಿತ್ತು.

ಅತ್ತೆ ಒಳಗಿನಿಂದ ಬಂದರು. ಸೀರೆ ಬದಲಿಸಿ, ಹಣೆಗೆ ಕುಂಕುಮ ಹಚ್ಚಿಕೊಂಡಿದ್ದರು. ಕೈಯಲ್ಲಿ ಬಾಳೆಲೆ. ಅದರ ಮೇಲೆ ಹನ್ನೊಂದು ನಾಣ್ಯ, ಒಂದೊಂದಕ್ಕೂ ಅರಿಶಿನದ ಬೊಟ್ಟು.

“ನೋಡಾ ರಾಜ, ಹೆಂಗೆ ಬೆಳ್ಳಗಾಗ್ಯವೆ!” ಎಂದರು. “ಭಟ್ರೂ ನೋಡ್ಲಿ.”

ಯಾರು ಮಾತಾಡಿದರೂ ಇನ್ನು ಹಾಳಾಗುವಂಥದ್ದು ಅಲ್ಲೇನೂ ಇರಲಿಲ್ಲ. ಗಜಾನನ ಭಟ್ಟರು ಒಂದನ್ನು ಎತ್ತಿ ಬೆಳಕಿಗೆ ಓರೆಯಾಗಿ ಹಿಡಿದರು. ಕೈಗವಸು ಹಾಕಿಕೊಳ್ಳಲಿಲ್ಲ, ಅದರಿಂದಲೇ ನನಗೆ ಎಲ್ಲ ತಿಳಿಯಿತು. ಬೆಳ್ಳಿಯ ತುಂಬ ಕೂದಲೆಳೆಯಂಥ ಗೀರುಗಳು, ಸುತ್ತಿ ಸುತ್ತಿ.

“ತೊಳದ್ದು,” ಎಂದರು ಮೆಲ್ಲಗೆ, ತಮ್ಮ ಮನೆಮಾತಿನಲ್ಲೇ. ಆಮೇಲೆ ಸಮಾಧಾನ ಹೇಳುವವರಂತೆ, “ತೂಕಕ್ಕೆ ಎಂತದೂ ಆಗಲಿಲ್ಲ ಮಾರಾಯ್ರೇ. ಬೆಳ್ಳಿ ಬೆಳ್ಳಿಯೇ,” ಎಂದರು. ಕಾಫಿ ಬೇಡವೆಂದರು. ಹಂದಿಯನ್ನು ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ.

ಅವರು ಹೋದ ಮೇಲೆ ರಾಜೇಂದ್ರ ಕುರ್ಚಿಯಲ್ಲಿ ಕೂತರು. ಕೂಗಲಿಲ್ಲ. ಅವರು ಕೂಗುವವರಲ್ಲ.

“ಯಾರ್ ಮಾಡಿದ್ದು ಇದನ್ನ?”

“ನಾನೇ ಕಣೋ,” ಎಂದರು ಅತ್ತೆ. ಮಗನ ಮುಖ ನೋಡಿ ಅವರ ದನಿ ಆಗಲೇ ಸಣ್ಣದಾಗಿತ್ತು. “ಹಬ್ಬಕ್ಕೆ ಅಂತ...”

ರಾಜೇಂದ್ರ ನನ್ನ ಕಡೆ ತಿರುಗಿದರು. “ನೀನೆಲ್ಲಿದ್ದೆ?”

“ಕಾಲೇಜಲ್ಲಿ,” ಎಂದೆ. “ಈಗಷ್ಟೇ ಬಂದಿದ್ದು.”

ಅತ್ತೆ ನನ್ನನ್ನು ನೋಡಿದರು. ಮರೆವಿನವರ ಕಣ್ಣಿಗೆ ಒಂದು ಮಂಜು ಇರುತ್ತದೆ. ಆ ಗಳಿಗೆಯಲ್ಲಿ ಅದು ಇರಲಿಲ್ಲ. ಅವರು ನೋಡುತ್ತಲೇ ಇದ್ದರು, ನಾನು ಚೀಲದ ಪಟ್ಟಿ ಹಿಡಿದು ನಿಂತಿದ್ದೆ.

“ಹೂಂ, ಅವ್ಳಿರ್ಲಿಲ್ಲ,” ಎಂದರು. “ನಾನೊಬ್ಳೇ.”

ಮರುದಿನ ಬೆಳಗಿನ ಜಾವ ನಲ್ಲಿಗೆ ಪೂಜೆ ಮಾಡಿ ನೀರು ತುಂಬಿದ್ದು ನಾನು. ಅತ್ತೆ ಎದ್ದು ಬರಲಿಲ್ಲ. ಕಲಶಕ್ಕೆ ಐದು ರೂಪಾಯಿಯ ನಾಣ್ಯವನ್ನೇ ಹಾಕಿದೆ. ಹಬ್ಬ ಕಳೆದ ನಾಲ್ಕನೇ ದಿನ ರಾಜೇಂದ್ರ ಹನ್ನೊಂದನ್ನೂ ಸಾಗರದ ಅಕ್ಕಸಾಲಿಗರೊಬ್ಬರಿಗೆ ತೂಕಕ್ಕೆ ಹಾಕಿದರು. ಬಂದ ಹಣದಲ್ಲಿ ಜಲಜಮ್ಮನ ಮನೆಗೆ ಮುಂಗಡ ಕಟ್ಟಿದರು. ಅತ್ತೆಯನ್ನು ಕಾರಿನಲ್ಲಿ ಕೂರಿಸುವಾಗ ಗಾನವಿ ಅತ್ತಳು. ಅತ್ತೆ ಅಳಲಿಲ್ಲ. “ಜೋಗಕ್ಕಿಂತ ಬೆಚ್ಚಗಿರ್ತದಂತೆ,” ಎಂದು ಮೊಮ್ಮಗಳಿಗೆ ಹೇಳಿದರು.

ಆಮೇಲೆ ನಮ್ಮ ಮನೆಯಲ್ಲಿ ಒಂದು ಬದಲಾವಣೆ ಆಯಿತು. ರಾಜೇಂದ್ರ ನನ್ನ ಮೇಲೆ ನಂಬಿಕೆ ಇಟ್ಟರು. ಫೆಬ್ರವರಿಯಲ್ಲಿ ಮತ್ತೊಂದು ಇಲಿಯನ್ನು ತರಿಸಿದರು, ಸರಣಿ ಮೊದಲಿಂದ. ಪೆಟ್ಟಿಗೆಗೆ ಬೀಗ ಹಾಕಿಸಿ, ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. “ನಿನ್ನ ಹತ್ರಾನೇ ಇರ್ಲಿ. ಜೋಪಾನ ಅಂದ್ರೆ ಏನು ಅಂತ ನಿಂಗೊಬ್ಳಿಗೇ ಗೊತ್ತಿರೋದು.” ಟಿವಿಯ ಪಕ್ಕದ ಸ್ಟ್ಯಾಂಡನ್ನೂ ತೆಗೆದರು. ಹೆಬ್ಬೆಟ್ಟಿನ ನಾಣ್ಯವನ್ನು ನನಗೇ ಕೊಟ್ಟು, “ಇನ್ನಿದು ಬೇಡ ಬಿಡು. ಅಮ್ಮ ಮಾಡಿದ್ರ ಮುಂದೆ ಇದೆಲ್ಲ ಏನು,” ಎಂದರು. ಆರು ವರ್ಷ ಕಾದ ಮಾತು ಅದು. ಅದನ್ನು ಕೇಳಿಸಿಕೊಂಡು ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ತಿಂಗಳಿಗೊಂದು ಭಾನುವಾರ ತೀರ್ಥಹಳ್ಳಿಗೆ ಹೋಗಿ ಬರುತ್ತೇನೆ. ಜಲಜಮ್ಮ ಕೆಟ್ಟವರಲ್ಲ. ಮನೆ ಶುಚಿಯಾಗಿದೆ, ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರೆ. ಗೋಡೆಗೆ ಮುಖ ಮಾಡಿ ಆರು ಮಂಚಗಳಿವೆ. ಹೋದ ತಿಂಗಳು ಹೋದಾಗ ಅತ್ತೆ ತುಂಬ ಇಳಿದಿದ್ದರು. ಬಳೆ ಮೊಣಕೈಯವರೆಗೆ ಜಾರುತ್ತಿತ್ತು. ನಾನು ಹೆಬ್ಬೆಟ್ಟಿನ ನಾಣ್ಯವನ್ನು ಅವರ ಕೈಯಲ್ಲಿಟ್ಟೆ.

“ಬೆಳ್ಳಿಯಾ?”

“ಬೆಳ್ಳಿ. ಕಲಶಕ್ಕೆ.”

ಸೆರಗಿನ ಅಂಚಿನಿಂದ ಒರೆಸಿದರು. ಉಗುರಿನಿಂದ ಕೆರೆದರು. “ಕಲೆ ಹೋಗಲ್ಲ ಕಣೆ ಇದು. ಹುಣಸೆಹಣ್ಣು ಬೇಕು. ಇಲ್ಲಿ ಕೇಳಿದ್ರೆ ಕೊಡಲ್ಲ.” ಆಮೇಲೆ ನನ್ನ ಸೊಂಟದ ಕೀಲಿ ನೋಡಿದರು. “ಅದೆಂತ?”

“ಪೆಟ್ಟಿಗೆದು.”

“ನಿಂಗೆ ಕೊಟ್ನಾ?” ಎಂದು ನಕ್ಕರು. ಹಲ್ಲಿಲ್ಲದ ಬಾಯಿ. ಪಕ್ಕದ ಮಂಚದವರು ತಿರುಗಿ ನೋಡಿದರು. ನಕ್ಕು ಮುಗಿದ ಮೇಲೆ ದನಿ ತಗ್ಗಿಸಿ ಹೇಳಿದರು: “ನೀರು ನೀನೇ ಹಾಕಿದ್ದು. ನಂಗೆ ಅದೊಂದು ಮರ್ತಿಲ್ಲ. ಇಬ್ರನ್ನೂ ಹೊರಗೆ ಹಾಕಿದ್ರೆ ಗಾನವಿಗೆ ಯಾರಿದ್ರು, ಹೇಳು.”

ನಾನು ಅವರ ಕಾಲು ಹಿಡಿದುಕೊಂಡೆ. ತಣ್ಣಗಿತ್ತು.

“ಈಗಾದ್ರೂ ಹೇಳ್ತೀಯಾ ಅವ್ನಿಗೆ?” ಎಂದರು. ಬೇಡಿಕೊಂಡ ಹಾಗಿರಲಿಲ್ಲ, ಮಳೆ ಬರ್ತದಾ ಎಂದು ಕೇಳಿದ ಹಾಗಿತ್ತು. “ಹೇಳಿದ್ರೆ ಕರ್ಕೊಂಡ್ ಹೋಗ್ತಾನೇನೋ.”

“ಹೇಳ್ತೀನಿ ಅತ್ತೆ. ಇವತ್ತೇ ಹೇಳ್ತೀನಿ.”

ಬಸ್ಸಿನಲ್ಲಿ ಮಾತನ್ನು ಜೋಡಿಸಿಕೊಂಡೆ. ನಾನಲ್ಲಿದ್ದೆ. ಏಳು ಉಳಿದಿದ್ದವು. ನಾನು ತಡೆಯಲಿಲ್ಲ, ನೀರು ಹಾಕಿದೆ. ತಪ್ಪು ನನ್ನದು, ಅಮ್ಮನನ್ನು ಕರೆದುಕೊಂಡು ಬನ್ನಿ. ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸುವಾಗ “ನೀರು ಹಾಕಿದೆ” ಎಂಬುದನ್ನು ಬಿಟ್ಟೆ, ಅದು ಅಗತ್ಯವಿಲ್ಲ ಅನ್ನಿಸಿತು. ಆನಂದಪುರ ದಾಟುವಾಗ “ಏಳು ಉಳಿದಿದ್ದವು” ಬಿಟ್ಟೆ. ಸಾಗರದಲ್ಲಿ ಜೋಗದ ಬಸ್ಸಿಗೆ ಕಾಯುತ್ತ, ಕೊನೆಯ ವಾಕ್ಯವೊಂದನ್ನೇ ಇಟ್ಟುಕೊಂಡೆ. ಅಮ್ಮನನ್ನು ಕರೆದುಕೊಂಡು ಬನ್ನಿ. ಅದಕ್ಕೆ ಅವರು ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಉಳಿದದ್ದನ್ನು ಹೇಳುವುದು ಎಂದುಕೊಂಡೆ.

ಮನೆ ಸೇರಿದಾಗ ಸಂಜೆ ಆರೂವರೆ. ಮೇಜಿನ ಮೇಲೆ ದೀಪ ಬಗ್ಗಿಸಿಟ್ಟು ಅವರು ಕೂತಿದ್ದರು. ಮುಂದೆ ಕೊರಿಯರಿನ ಡಬ್ಬಿ ತೆರೆದಿತ್ತು. ಬಿಳಿ ಕೈಗವಸಿನ ಎರಡು ಬೆರಳ ನಡುವೆ ಹೊಸ ನಾಣ್ಯ, ಅಂಚಿನಲ್ಲಿ ಹಿಡಿದಿದ್ದರು. ಎತ್ತು. ಇನ್ನೂ ಮೊಹರಾಗದ್ದು, ಬರಿಮೈ.

“ರೀ,” ಎಂದೆ.

ಅವರು ತಲೆ ಎತ್ತದೆ ಇನ್ನೊಂದು ಕೈಯ ತೋರುಬೆರಳನ್ನು ತುಟಿಯ ಮೇಲಿಟ್ಟರು.

ನಾನು ಬಾಯಿ ಮುಚ್ಚಿದೆ. ಅವರು ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದರು, ಉಸಿರು ಬಿಗಿಹಿಡಿದು. ಡಬ್ಬಿಯೊಳಗಿಟ್ಟು, ಮುಚ್ಚಳ ಒತ್ತಿ, ಕೈಗವಸು ಕಳಚುವವರೆಗೆ ನಾನು ಬಾಗಿಲಲ್ಲೇ ಕಾದೆ. ಕಳಚಿದ ಮೇಲೂ ಕಾದೆ.

“ಹೆಂಗಿದಾಳೆ ಅಮ್ಮ?” ಎಂದರು.

“ಚೆನ್ನಾಗಿದಾರೆ.”

“ಏನೋ ಹೇಳಕ್ಕೆ ಬಂದ್ಯಲ್ಲ.”

“ಏನಿಲ್ಲ. ಪೊಟ್ಟಣ ಗುಲಾಬಿ ಆಗಿರ್ಬಹುದು, ನೋಡ್ತೀನಿ ಅಂತ.”

ಅವರು ಎದ್ದು ನನಗೆ ಜಾಗ ಬಿಟ್ಟರು. ನಾನು ಸೊಂಟದಿಂದ ಕೀಲಿ ತೆಗೆದು ಪೆಟ್ಟಿಗೆಯ ಬೀಗ ತೆರೆದೆ. ನೀಲಿಯೇ ಇತ್ತು. ಆದರೂ ಪೊಟ್ಟಣ ತೆಗೆದುಕೊಂಡು ಹೋಗಿ ಒಲೆ ಹಚ್ಚಿ ತವೆ ಇಟ್ಟೆ.